ಹೆಂಗಸರೆಲ್ಲ ಬರೆಸಿದ ನಂಬರು

ಬೆಳಕು ಹರಿಯುವ ಮೊದಲು ಯಶೋಧರಾಳ ಕೆಲಸಗಳು ಇಷ್ಟು: ನಲ್ಲಿಯ ಸಪ್ಪಳಕ್ಕೆ ಕಿವಿಗೊಟ್ಟು ಏಳುವುದು, ನೀರು ಬಂದಿದ್ದರೆ ಬ್ಯಾರಲ್ಲು ತುಂಬುವುದು, ಬಾರದಿದ್ದರೆ ಓಣಿಯ ಕೊನೆಯ ಬೋರಿನಿಂದ ಕೊಡ ಹೊರುವುದು; ಅಂಗಳ ಗುಡಿಸಿ ನೀರು ಹೊಡೆಯುವುದು; ಆಡುಗಳಿಗೆ ಮೇವು ಹಾಕಿ ಚಹಾಕ್ಕಾಗುವಷ್ಟು ಹಾಲು ಹಿಂಡುವುದು; ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವುದು; ಗಂಡನ ಡಬ್ಬಿಗೆ, ಮಗಳ ಡಬ್ಬಿಗೆ, ತನ್ನ ಬುತ್ತಿಗೆ ಪಲ್ಯ ಮಾಡುವುದು; ಹಿಟ್ಟು ನಾದಿ ರೊಟ್ಟಿ ಬಡಿಯುವುದು; ಗಂಡನ ಅಂಗಿಗೆ ಇಸ್ತ್ರಿ ಹಾಕುವುದು. ಇವು ಮನೆಯವರಿಗೆ ಗೊತ್ತಿರುವ ಕೆಲಸಗಳು. ಇವುಗಳ ನಡುವೆ ಅವಳು ಇನ್ನೊಂದು ಕೆಲಸ ಮಾಡುತ್ತಿದ್ದಳು. ಹಿಟ್ಟು ಹತ್ತಿದ ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡು, ಇವತ್ತು ಯಾರು ಕೂಲಿಗೆ ಬರುತ್ತಾರೆ, ಯಾರ ಮಗುವಿಗೆ ಜ್ವರ, ಯಾರ ಖಾತೆಗೆ ಕೂಲಿ ಬಂದಿದೆ ಎಂದು ಫೋನಿನಲ್ಲಿ ನೋಡಿ ಅವರವರಿಗೆ ತಿಳಿಸುವುದು. ಇದನ್ನು ಮನೆಯಲ್ಲಿ ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ಅತ್ತೆ ಪರಸವ್ವ ಅದಕ್ಕೆ ‘ಫೋನಿನ ಚಟ’ ಎನ್ನುತ್ತಿದ್ದಳು.

ಯಶೋಧರಾಳ ಮನೆ ತಿಕೋಟಾದಲ್ಲಿ, ತವರು ಬಿಜ್ಜರಗಿ. ಗಂಡ ರಾಜರತ್ನ ವಿಜಯಪುರದ ಒಂದು ಸರಕಾರಿ ಕಚೇರಿಯಲ್ಲಿ ಜವಾನ. ಮಗಳು ವಿಶಾಖಾ ಅದೇ ಊರಿನಲ್ಲಿ ಡಿಗ್ರಿ ಓದುತ್ತಿದ್ದಳು. ಅಪ್ಪ ಮಗಳು ಒಂದೇ ಬಸ್ಸಿಗೆ ಹೋಗಿ ಬೇರೆ ಬೇರೆ ಬಸ್ಸಿಗೆ ಮರಳುತ್ತಿದ್ದರು. ದ್ರಾಕ್ಷಿ ಕಟಾವಿನ ಹಂಗಾಮು ಶುರುವಾದರೆ ಯಶೋಧರಾ ತವರೂರಿನ ಹೆಂಗಸರ ಗುಂಪು ಕಟ್ಟಿಕೊಂಡು ಒಣದ್ರಾಕ್ಷಿಯ ಶೆಡ್ಡುಗಳಿಗೆ ಹೋಗುತ್ತಿದ್ದಳು. ಹಸಿ ದ್ರಾಕ್ಷಿಯನ್ನು ಪೊಟ್ಯಾಶ್ ನೀರಿನಲ್ಲಿ ಅದ್ದಿ ಬಲೆಗಳ ಮೇಲೆ ಹರಡುವುದು, ಒಣಗಿದ ಮೇಲೆ ತೊಟ್ಟು ಬಿಡಿಸಿ ಆರಿಸುವುದು ಅವರ ಕೆಲಸ. ಯಾವ ಶೆಡ್ಡಿಗೆ ಹೋಗಬೇಕು, ಎಷ್ಟು ಜನ ಬೇಕು ಎಂಬುದನ್ನು ಮಾಲಕರು ಅವಳೊಂದಿಗೆ ಮಾತಾಡುತ್ತಿದ್ದರು.

ಪೊಟ್ಯಾಶ್ ನೀರು ಬೆರಳ ತುದಿಯ ಗೆರೆಗಳನ್ನು ತಿಂದುಹಾಕುತ್ತದೆ. ಉಳಿದದ್ದನ್ನು ಬೂದಿ, ಪಾತ್ರೆ ತಿಕ್ಕುವ ಪುಡಿ, ಕಾದ ತವೆ ತಿನ್ನುತ್ತವೆ. ಹೀಗಾಗಿ ರೇಷನ್ ಅಂಗಡಿಯ ಯಂತ್ರ ಆ ಹೆಂಗಸರ ಹೆಬ್ಬೆಟ್ಟನ್ನು ಗುರುತಿಸುತ್ತಿರಲಿಲ್ಲ. ಹೆಬ್ಬೆಟ್ಟು ಒಪ್ಪದವರಿಗೆ ಫೋನಿಗೆ ಕೋಡ್ ಬರುತ್ತದೆ. ಮನೆಯ ಫೋನು ಗಂಡನ ಕಿಸೆಯಲ್ಲಿ, ಗಂಡ ಇನ್ನೆಲ್ಲೋ. ಅದಕ್ಕೇ ಅವರೆಲ್ಲ ಯಶೋಧರಾಳ ನಂಬರು ಬರೆಸಿದ್ದರು. ಬ್ಯಾಂಕಿನಲ್ಲೂ ಅದನ್ನೇ ಬರೆಸಿದ್ದಕ್ಕೆ ಕಾರಣ ಬೇರೆ ಇತ್ತು. ಕೂಲಿ ಜಮೆಯಾದ ಸುದ್ದಿ ಗಂಡನ ಫೋನಿಗೆ ಬಂದರೆ ಸಂಜೆಯೊಳಗೆ ಆ ಕೂಲಿ ಇರುತ್ತಿರಲಿಲ್ಲ. ಕೆಲವು ಗಂಡಂದಿರಿಗಂತೂ ಹೆಂಡತಿಯ ಹೆಸರಿನಲ್ಲಿ ಖಾತೆ ಇದೆ ಎಂಬುದೇ ಗೊತ್ತಿರಲಿಲ್ಲ. ಸಖೂಬಾಯಿಯ ಗಂಡ ಅಂಥವನು. ಅವಳು ಮಗಳ ನರ್ಸಿಂಗ್ ಓದಿಗೆಂದು ಕೂಡಿಸುತ್ತಿದ್ದಳು. ಅವನ ಕಣ್ಣಿಗೆ ಬೀಳದಿರಲೆಂದು ಪಾಸ್‌ಬುಕ್ಕನ್ನು ಹುಸೇನಬಿಯ ಟ್ರಂಕಿನಲ್ಲಿ ಇಟ್ಟಿದ್ದಳು. ಹುಸೇನಬಿ ವಿಧವೆ, ಗುಂಪಿನಲ್ಲಿ ಹಿರಿಯಳು, ಮನೆಯಲ್ಲಿ ಗಂಡಸಿಲ್ಲ. ಇನ್ನೂ ಹಲವರ ಪಾಸ್‌ಬುಕ್ಕು, ಆಧಾರ್ ಕಾರ್ಡು ಆ ಟ್ರಂಕಿನಲ್ಲಿದ್ದವು. ಹಂಗಾಮಿನ ಆರಂಭದಲ್ಲಿ ಮಾಲಕರು ಕೇಳಿದಾಗ ಹುಸೇನಬಿಯೇ ತನ್ನ ಫೋನಿನಿಂದ ಎಲ್ಲರದರ ಫೋಟೊ ತೆಗೆದು ಯಶೋಧರಾಳಿಗೆ ಕಳಿಸುತ್ತಿದ್ದಳು.

ಆ ಮುಂಜಾನೆ ತವೆಯ ಮೇಲೆ ರೊಟ್ಟಿ ಉಬ್ಬುತ್ತಿದ್ದಾಗ ಯಶೋಧರಾಳ ಫೋನಿಗೆ ಆರು ಅಂಕಿಯ ಕೋಡ್ ಒಂದು ಬಂತು. ಅದರ ಹಿಂದೆಯೇ ನಿರ್ಮಲಾಳ ವಾಟ್ಸಾಪ್ ಸಂದೇಶ. ನಿರ್ಮಲಾ ಬಬಲೇಶ್ವರದವಳು, ಅವಳದೂ ಇಂಥದೇ ಗುಂಪು. ಒಬ್ಬಳಿಗೆ ಜನ ಕಡಿಮೆ ಬಿದ್ದರೆ ಇನ್ನೊಬ್ಬಳು ಕಳಿಸಿಕೊಡುತ್ತಿದ್ದಳು. ನನ್ನ ಕೋಡ್ ತಪ್ಪಿ ನಿನ್ನ ನಂಬರಿಗೆ ಬಂದಿದೆ ಅಕ್ಕ, ಬೇಗ ಕಳಿಸು ಎಂದು ಸಂದೇಶದಲ್ಲಿತ್ತು. ಪಟ್ಟಣದ ಬೇರೆ ಯಾರಿಗಾದರೂ ಇದು ವಿಚಿತ್ರ ಅನಿಸುತ್ತಿತ್ತು. ಯಶೋಧರಾಳಿಗೆ ಅನಿಸಲಿಲ್ಲ. ಬೇರೆ ಹೆಂಗಸರ ಕೋಡು ತನ್ನ ಫೋನಿಗೆ ಬರುವುದು ಅವಳಿಗೆ ನಲ್ಲಿಗೆ ನೀರು ಬಂದಷ್ಟೇ ಸಹಜವಾಗಿತ್ತು. ಅಂಕಿಗಳ ಕೆಳಗೆ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಇತ್ತು. ಆ ಸಾಲು ಎಲ್ಲ ಕೋಡುಗಳ ಕೆಳಗೂ ಇರುತ್ತಿತ್ತು, ಅವಳು ಅದನ್ನು ಯಾವತ್ತೂ ಓದಿರಲಿಲ್ಲ. ರೊಟ್ಟಿ ಹೊತ್ತಬಾರದೆಂದು ಎಡಗೈಯಿಂದ ತಿರುವಿ ಹಾಕಿ, ಬಲಗೈಯ ಕಿರುಬೆರಳಿನಿಂದ ಅಂಕಿಗಳನ್ನು ಒತ್ತಿ ಕಳಿಸಿದಳು.

ಸ್ವಲ್ಪ ಹೊತ್ತಿನ ಮೇಲೆ ವಿಶಾಖಾ ತಲೆ ಬಾಚಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದಳು. ಅವಳ ಕಣ್ಣು ತನ್ನ ಫೋನಿನ ಮೇಲಿತ್ತು.

“ಯವ್ವಾ, ಗ್ರೂಪಿನ್ಯಾಗ ಎಲ್ಲಾರದೂ ಆಧಾರ್ ಮತ್ತ ಯಾಕ ಕೇಳಾಕತ್ತಿ?”

“ನಾ ಎಲ್ಲಿ ಕೇಳಾಕತ್ತೇನಿ? ಕೈಯಾಗ ಹಿಟ್ಟೈತಿ, ಕಾಣವಲ್ದೇನ?”

ವಿಶಾಖಾ ಫೋನನ್ನು ತಾಯಿಯ ಮುಖದ ಮುಂದೆ ಹಿಡಿದಳು. ತಾಯಿಗೆ ನೆರವಾಗಲು ಅವಳೂ ಸೇರಿದ್ದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಯಶೋಧರಾಳ ಹೆಸರಿತ್ತು, ನೀಲಿ ಸೀರೆಯ ಅವಳದೇ ಫೋಟೊ ಇತ್ತು. ಮಾಲಕರು ಇವತ್ತೇ ಕೇಳಿದ್ದಾರೆ, ಎಲ್ಲರೂ ಆಧಾರ್ ಕಾರ್ಡಿನ ಎರಡೂ ಬದಿ, ಪಾಸ್‌ಬುಕ್ಕಿನ ಮೊದಲ ಹಾಳೆ ಕಳಿಸಿರಿ ಎಂಬ ಬರಹ ಇತ್ತು. ಕೆಳಗೆ ಇನ್ನೂ ಏನೋ ಬರೆಯುತ್ತಿರುವ ಗುರುತು ಓಡಾಡುತ್ತಿತ್ತು. ಯಶೋಧರಾ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಮೊಣಕೈತನಕ ಹಿಟ್ಟಿತ್ತು. ಅವಳು ಇಲ್ಲಿ ಕುಂತಿದ್ದಳು, ಅಲ್ಲಿ ಅವಳೇ ಬರೆಯುತ್ತಿದ್ದಳು.

ಅವಳ ಫೋನಿನಲ್ಲಿ ವಾಟ್ಸಾಪ್ ತೆರೆಯಲಿಲ್ಲ. ಈ ನಂಬರು ಇನ್ನೊಂದು ಫೋನಿನಲ್ಲಿ ನಡೆಯುತ್ತಿದೆ ಎಂದು ತೋರಿಸಿ ಸುಮ್ಮನಾಯಿತು. ವಿಶಾಖಾ ಗುಂಪಿನಲ್ಲಿ, ಇದು ನಮ್ಮವ್ವ ಅಲ್ಲ, ಯಾರೂ ಏನೂ ಕಳಿಸಬೇಡಿ ಎಂದು ಬರೆದಳು. ಮರುಕ್ಷಣ ಆ ಬರಹ ಅಳಿಸಿಹೋಯಿತು, ವಿಶಾಖಾಳನ್ನೇ ಗುಂಪಿನಿಂದ ಹೊರಗೆ ಹಾಕಲಾಯಿತು. ಅವಳನ್ನು ಹೊರಗೆ ಹಾಕಿದ್ದು ಯಶೋಧರಾಳ ಹೆಸರು.

ತವೆಯ ಮೇಲಿನ ರೊಟ್ಟಿ ಕರಿದಾಯಿತು. ಹೊಗೆಗೆ ಒಳಗಿನಿಂದ ಪರಸವ್ವ ಕೆಮ್ಮಿ ಬೈದಳು.

ಯಶೋಧರಾ ಹುಸೇನಬಿಗೆ ಕರೆ ಮಾಡಿದಳು. ಫೋನು ಎತ್ತಿದ ಕೂಡಲೇ ಹುಸೇನಬಿ ನಕ್ಕಳು. “ಏನ ಬೇ, ಹೊತ್ತ ಹುಟ್ಟೂದರಾಗ ಮಂದೀನ ಎಬ್ಬಿಸ್ತಿ. ಎಲ್ಲಾರದೂ ಕಳಸೇನಿ ನೋಡ. ಸಖೂದು ಸ್ವಲ್ಪ ಮಸುಕ ಬಂದೈತಿ, ಇನ್ನೊಮ್ಮೆ ತಗೀಲೇನ?”

ಯಶೋಧರಾ ನಿಜ ಹೇಳಲಿಲ್ಲ. ಬೇಡ, ಇನ್ನು ಏನೂ ಕಳಿಸಬೇಡ, ಇವತ್ತು ಮೈ ಸರಿಯಿಲ್ಲ, ಶೆಡ್ಡಿಗೆ ನೀವೇ ಹೋಗಿರಿ ಎಂದಷ್ಟೇ ಹೇಳಿ ಫೋನು ಇಟ್ಟಳು. ತಾನು ಯಾಕೆ ಹಾಗೆ ಮಾಡಿದೆ ಎಂದು ಅವಳಿಗೇ ತಿಳಿಯಲಿಲ್ಲ. ಹೋಗಿ ಗಂಡನ ಡಬ್ಬಿ ಕಟ್ಟಿದಳು.

ರಾಜರತ್ನ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿದ. ಮೊದಲು ತನ್ನ ಸಂಬಳದ ಖಾತೆಗೆ ಈ ನಂಬರು ಇದೆಯೇ ಎಂದು ನೆನಪಿಸಿಕೊಂಡ. ಇಲ್ಲವೆಂದು ಖಾತ್ರಿಯಾದ ಮೇಲೆ ಅವನಿಗೆ ಸಿಟ್ಟು ಬಂತು. “ಊರ ಉಸಾಬರಿ ನಿನಗ ಯಾರ ಕೊಟ್ಟಿದ್ರು? ಆ ಸಿಮ್ ಮುರದ ಒಗಿ. ಯಾರ ಕೇಳಿದ್ರೂ ಫೋನ ಕಳದೈತಿ ಅನ್ನು.” ಡಬ್ಬಿಯನ್ನು ಚೀಲಕ್ಕಿಟ್ಟುಕೊಂಡು ಹೊರಟ. ಬಾಗಿಲಲ್ಲಿ ನಿಂತು, ಪಲ್ಯಕ್ಕೆ ಉಪ್ಪು ಹಾಕಿದ್ದೀಯೋ ಇಲ್ಲವೋ ಎಂದೂ ಕೇಳಿದ.

ಅವನು ಹೋದ ಮೇಲೆ ಫೋನು ಸದ್ದು ಮಾಡತೊಡಗಿತು. ಕೋಡು ಬಂತು. ಗುಂಪಿನ ಯಾರೂ ಅದನ್ನು ಕೇಳಿರಲಿಲ್ಲ. ಸಂದೇಶದಲ್ಲಿ ಖಾತೆಯ ಕೊನೆಯ ಅಂಕಿಗಳಿದ್ದವು. ಯಾರ ಖಾತೆ ಎಂದು ಯಶೋಧರಾಳಿಗೆ ಬಾಯಿಪಾಠವಿತ್ತು. ಮೊದಲನೆಯದು ಹುಸೇನಬಿಯದು. ಆಮೇಲೆ ಸಖೂಬಾಯಿಯದು. ಸ್ವಲ್ಪ ಬಿಟ್ಟು ಮತ್ತೆ ಸಖೂಬಾಯಿಯದು. ಯಾರೋ ಓಣಿಯಲ್ಲಿ ಮನೆಯಿಂದ ಮನೆಗೆ ಹೋಗಿ ಕದ ತಳ್ಳಿ ನೋಡುತ್ತಿದ್ದಂತೆ ಇತ್ತು. ಒಳಗೆ ಮಲಗಿದವರಿಗೆ ಆ ಸದ್ದು ಕೇಳುತ್ತಿರಲಿಲ್ಲ, ಇವಳೊಬ್ಬಳಿಗೆ ಕೇಳುತ್ತಿತ್ತು.

ವಿಶಾಖಾ ಅವತ್ತು ಮುಂಜಾನೆಯ ಕ್ಲಾಸು ಬಿಟ್ಟಳು. ತಾಯಿ ಮಗಳು ವಿಜಯಪುರದ ಬಸ್ಸು ಹತ್ತಿದರು. ದಾರಿಯಲ್ಲಿ ವಿಶಾಖಾ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ತಾಯಿಯ ಹೆಸರು, ನಡೆದ ಸಂಗತಿ ಬರೆಸಿದಳು. ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಮಗಳು ತಾಯಿಯ ನಂಬರನ್ನು ಒದರಿ ಹೇಳುವಾಗ ಯಶೋಧರಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಎದುರು ಸೀಟಿನ ಗಂಡಸು ಫೋನಿನಲ್ಲಿ ಏನೋ ಒತ್ತುತ್ತಿದ್ದ. ಇವನೇ ಇರಬಹುದೇ ಎನಿಸಿತು ಅವಳಿಗೆ. ಆಮೇಲೆ ಫೋನು ಹಿಡಿದ ಪ್ರತಿಯೊಬ್ಬನನ್ನು ಕಂಡಾಗಲೂ ಹಾಗೇ ಅನಿಸಿತು.

ಸೈಬರ್ ಪೊಲೀಸ್ ಠಾಣೆಯಲ್ಲಿ ಒಬ್ಬ ಹೆಣ್ಣುಮಗಳು ದೂರು ಬರೆದುಕೊಂಡಳು. ಯಶೋಧರಾ ಬೈಗುಳಕ್ಕೆ ತಯಾರಾಗಿ ಕುಂತಿದ್ದಳು. ಆ ಪೊಲೀಸಮ್ಮ ಬೈಯಲಿಲ್ಲ. ವಿಶಾಖಾಳಿಂದ ಅಲ್ಲೇ ವಾಟ್ಸಾಪನ್ನು ಮತ್ತೆ ಈ ಫೋನಿಗೆ ಹಾಕಿಸಿದಳು, ಹೊಸ ಕೋಡು ಬಂತು, ಅದನ್ನು ಒತ್ತಿದ ಕೂಡಲೇ ಕಳ್ಳ ಹೊರಗೆ ಬಿದ್ದ. ಆದರೆ ಅವನು ಒಳಗಿನಿಂದ ತನ್ನದೇ ಚಿಲಕ ಹಾಕಿಟ್ಟಿದ್ದ. ಅವನು ಇಟ್ಟ ಪಿನ್ ಗೊತ್ತಿಲ್ಲದ ಕಾರಣ ಯಶೋಧರಾ ಒಳಗೆ ಹೋಗಲು ಒಂದು ವಾರ ಕಾಯಬೇಕಿತ್ತು. ಗುಂಪಿಗೆ ಸಂದೇಶ ಕಳಿಸುವ ದಾರಿ ಅಲ್ಲಿಯವರೆಗೆ ಮುಚ್ಚಿತ್ತು.

“ನಿಮ್ದು ಆಮ್ಯಾಲಾದ್ರೂ ಸರಿಯಾಗ್ತೈತ್ರಿ,” ಎಂದಳು ಪೊಲೀಸಮ್ಮ. “ಆ ಹೆಣ್ಮಕ್ಕಳ ಕಾರ್ಡಿನ ಫೋಟೊ ಹೋಗ್ಯಾವಲ್ಲ, ಅವು ತಿರುಗಿ ಬರೂದಿಲ್ಲ. ಒಬ್ಬೊಬ್ರೂ ತಾವ ಬ್ಯಾಂಕಿಗೆ ಹೋಗಿ ಖಾತೆ ತಡಿಸ್ಬೇಕು. ನೀವು ಹೋಗಿ ಹೇಳಿದ್ರ ಬ್ಯಾಂಕ್‌ನವ್ರು ಕೇಳೂದಿಲ್ಲ. ಅವರಿಗಿ ಹೇಳೀರಿಲ್ಲೋ?”

ಸಿಮ್ ಮುರಿದರೆ ಹೇಗೆ ಎಂದು ಯಶೋಧರಾ ಕೇಳಿದಳು. ಮುರಿಯಬೇಡಿ, ಕೋಡು ನಿಮ್ಮ ಕೈಗೆ ಬರುತ್ತಿರುವತನಕ ಅವನ ಕೈಗೆ ಹೋಗುವುದಿಲ್ಲ, ಯಾರು ಏನೇ ಹೇಳಿ ಕೇಳಿದರೂ ಒಂದು ಅಂಕಿಯನ್ನೂ ಕೊಡಬೇಡಿ ಎಂದಳು ಪೊಲೀಸಮ್ಮ. ಆದರೂ ಕೋಡನ್ನೇ ನಂಬಿ ಕೂಡುವ ಹಾಗಿಲ್ಲ, ಕಾರ್ಡು ಪಾಸ್‌ಬುಕ್ಕು ಎರಡೂ ಸಿಕ್ಕವನು ಬೇರೆ ದಾರಿ ಹುಡುಕುತ್ತಾನೆ, ಅವರ ಹೆಸರಿನಲ್ಲಿ ಸಾಲ ಕೇಳಬಹುದು, ಸಿಮ್ ತೆಗೆಯಬಹುದು ಎಂದೂ ಹೇಳಿದಳು.

ವಿಶಾಖಾಳನ್ನು ಕಾಲೇಜಿಗೆ ಕಳಿಸಿ ಯಶೋಧರಾ ಒಬ್ಬಳೇ ಬಬಲೇಶ್ವರದ ಬಸ್ಸು ಹತ್ತಿದಳು. ನಿರ್ಮಲಾಳಿಗೆ ಎಷ್ಟು ಸಲ ಕರೆ ಮಾಡಿದರೂ ಫೋನು ಬಂದ್ ಆಗಿತ್ತು. ಮನೆಗೆ ಹೋದಾಗ ನಿರ್ಮಲಾ ಹಿತ್ತಲಿನಲ್ಲಿ ಅರಿವೆ ಒಗೆಯುತ್ತಿದ್ದಳು. ಪಡಸಾಲೆಯಲ್ಲಿ ಅವಳ ಗಂಡ ಹೊರಸಿನ ಮೇಲೆ ಅಡ್ಡಾಗಿದ್ದ. ಯಶೋಧರಾಳನ್ನು ನೋಡಿ ಎದ್ದು ಕೂತನೇ ಹೊರತು ಬಾ ಎನ್ನಲಿಲ್ಲ. ಇಬ್ಬರು ಹೆಂಗಸರು ಒಗೆಯುವ ಕಲ್ಲಿನ ಹತ್ತಿರ ಕುಂತರು. ನಿರ್ಮಲಾ ಅರಿವೆಯನ್ನು ಬೇಕೆಂದೇ ಜೋರಾಗಿ ಬಡಿಯುತ್ತ, ಆ ಸದ್ದಿನ ಅಡಿಯಲ್ಲಿ ಮಾತಾಡಿದಳು.

“ನಂದು ಹೋಗಿ ವಾರಾತು ಅಕ್ಕಾ.”

“ನನಗೊಂದ ಮಾತ ತಿಳಿಸಬೇಕಿಲ್ಲೇನ? ನಿನ್ನ ಹೆಸರಿಲೇ ಅಂವಾ ನನ್ನ ಕೋಡ್ ತಗೊಂಡ.”

ನಿರ್ಮಲಾ ಅರಿವೆಯನ್ನು ಕಲ್ಲಿನ ಮೇಲೆ ಮಗುಚಿ ಹಾಕಿದಳು. “ಹ್ಯಾಂಗ ತಿಳಿಸ್ಲಿ? ಮಂದಿ ಮುಂದ ಮರ್ಯಾದಿ ಹೋಗ್ತೈತಿ ಅಂತ ನಮ್ಮನಿಯವ್ರು ಫೋನ ಕಸಗೊಂಡು ಕಪಾಟಿನ್ಯಾಗ ಹಾಕ್ಯಾರ. ನನ್ನ ಗುಂಪಿನವ್ರು ಫೋನ ಹತ್ತವಲ್ದು ಅಂತ ಬ್ಯಾರೇದಾಕಿ ಕೂಡ ಕೆಲಸಕ್ಕ ಹೋಗಾಕತ್ತಾರ.” ನೀರು ಸುರಿದು ಅರಿವೆ ಹಿಂಡಿದಳು. “ನೀನೂ ಸುಮ್ನಿದ್ದ ಬಿಡು. ಹೇಳಾಕ ಹೋದ್ರ ಇದ್ದದ್ದೂ ಹೋಗ್ತೈತಿ.”

ಅವಳ ದನಿಯಲ್ಲಿ ದ್ವೇಷವಿರಲಿಲ್ಲ. ಅದಕ್ಕೇ ಯಶೋಧರಾಳಿಗೆ ಹೆಚ್ಚು ಭಯವಾಯಿತು. ಒಂದು ವಾರ ನಿರ್ಮಲಾ ಇದೇ ಕಲ್ಲಿನ ಮೇಲೆ ಅರಿವೆ ಬಡಿಯುತ್ತಿದ್ದಳು. ಅದೇ ವಾರ ಅವಳ ಹೆಸರು ಊರೂರು ತಿರುಗಿ ಕೋಡು ಕೇಳುತ್ತಿತ್ತು. ಬಸ್‌ ನಿಲ್ದಾಣಕ್ಕೆ ಮರಳುವಾಗ ಫೋನು ಮತ್ತೆ ಸದ್ದು ಮಾಡಿತು. ಸಖೂಬಾಯಿಯ ಖಾತೆ.

ಸಂಜೆ ಮನೆಗೆ ಬಂದಾಗ ಮುಂಜಾನೆಯ ಪಾತ್ರೆಗಳು ಹಾಗೇ ಬಿದ್ದಿದ್ದವು, ಆಡುಗಳು ಮೇವಿಲ್ಲದೆ ಒದರುತ್ತಿದ್ದವು. ಕರಿದಾದ ರೊಟ್ಟಿ ಕೂಡ ತವೆಯ ಮೇಲೇ ಇತ್ತು. ಅವಳು ಸೀರೆ ಬದಲಿಸದೆ ಒಲೆಯ ಮುಂದೆ ಕುಂತಳು. ಪರಸವ್ವ ಬಾಗಿಲಿಗೆ ಒರಗಿ ಕುಂತು, ನೀನು ಹೇಳಿದರೆ ಒಬ್ಬಳೂ ನಿನ್ನ ಹಿಂದೆ ಬರುವುದಿಲ್ಲ ಎಂದಳು. ಅವರ ಗಂಡಂದಿರು ಬಾಗಿಲಿಗೆ ಬಂದರೆ ಯಾರು ಉತ್ತರ ಕೊಡುವವರು ಎಂದಳು. ಆಮೇಲೆ ದನಿ ತಗ್ಗಿಸಿ, ತಾನು ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಗಂಡನಿಗೆ ಕಾಣದಂತೆ ಜೋಳದ ಚೀಲದಲ್ಲಿ ಸ್ವಲ್ಪ ಇಡುತ್ತಿದ್ದುದನ್ನು, ಸಿಕ್ಕಿಬಿದ್ದ ದಿನ ಏನಾಯಿತು ಎಂಬುದನ್ನು ಹೇಳಿದಳು. ಅತ್ತೆ ಆ ಮಾತು ಹೇಳಿದ್ದು ಅದೇ ಮೊದಲು. ಅವಳೂ ಹೆದರಿದ್ದಳು.

ಯಶೋಧರಾಳ ಕಣ್ಣ ಮುಂದೆ ಸಖೂಬಾಯಿಯ ಬಾತಿದ್ದ ಮೊಣಕೈ ಬಂತು. ಹೋದ ವರ್ಷ ಶೆಡ್ಡಿನಲ್ಲಿ ಆ ಕೈಯನ್ನು ಎತ್ತಲಾಗದೆ ಒಂದೇ ಕೈಯಿಂದ ತೊಟ್ಟು ಬಿಡಿಸುತ್ತಿದ್ದಳು. ಯಾರೂ ಏನೂ ಕೇಳಿರಲಿಲ್ಲ. ಹೇಳಿದರೆ ಆ ಗಂಡನ ಕಿವಿಗೆ ಬೀಳಬಹುದು. ಹೇಳದಿದ್ದರೆ ಮಗಳ ಓದಿಗೆ ಕೂಡಿಸಿದ್ದು ಯಾರದೋ ಪಾಲಾಗಬಹುದು, ಅಥವಾ ಅವಳು ಕಾಣದ ಸಾಲಕ್ಕೆ ಅವಳ ಹೆಸರಿನಲ್ಲಿ ಯಾರೋ ಬಾಗಿಲು ಬಡಿಯಬಹುದು.

ರಾಜರತ್ನ ಬಂದವನೇ ಹೊಸ ಸಿಮ್ಮನ್ನು ಗೋಡೆಯ ಮಾಡದಲ್ಲಿಟ್ಟ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಲ್ಲಿ ಕೊಂಡಿದ್ದನಂತೆ. ನಾಳೆ ಸಂಜೆ ಇಬ್ಬರೂ ಹೋಗಿ ಹಳೆಯ ನಂಬರು ಬಂದ್ ಮಾಡಿಸೋಣ ಎಂದ. ಬಂದ್ ಮಾಡಿದರೆ ಆ ಹೆಂಗಸರ ಕೋಡುಗಳು ಎಲ್ಲಿಗೆ ಹೋಗುತ್ತವೆ ಎಂದು ಯಶೋಧರಾ ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. “ಅವರ ಕೋಡ್ ಅವರು ನೋಡ್ಕೋತಾರ. ಮೊದಲ ನಿನ್ನ ಮನಿ ನೋಡು,” ಎಂದು ಇನ್ನೊಂದು ರೊಟ್ಟಿಗೆ ತಾಟು ಮುಂದೆ ಮಾಡಿದ. ವಿಶಾಖಾ ಏನೋ ಹೇಳಲು ಬಾಯಿ ತೆರೆದಳು. ತಾಯಿ ಅವಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಇದನ್ನು ಮಗಳ ಬಾಯಿಂದ ಹೇಳಿಸುವುದು ಅವಳಿಗೆ ಬೇಕಿರಲಿಲ್ಲ.

ಮರುದಿನ ತಮ್ಮೂರಿನ ಅಮೋಘಿ ಎಂಬವನ ಟೆಂಪೊದಲ್ಲಿ ಹೆಂಗಸರು ಬಿಜ್ಜರಗಿಯಿಂದ ಬಂದರು. ಯಶೋಧರಾ ತಿಕೋಟಾ ಕ್ರಾಸಿನಲ್ಲಿ ಹತ್ತಿಕೊಂಡಳು. ಹುಸೇನಬಿ ಜಾಗ ಮಾಡಿಕೊಟ್ಟು, ಜ್ವರ ಬಂದಿತ್ತೇನು ಎಂದು ಹಣೆ ಮುಟ್ಟಿ ನೋಡಿದಳು. ಗುಂಪಿನಲ್ಲಿ ನಿನ್ನೆಯಿಂದ ನಿನ್ನದು ಒಂದು ಸದ್ದೂ ಇಲ್ಲ ಎಂದು ಇನ್ನೊಬ್ಬಳು ಚಾಷ್ಟಿ ಮಾಡಿದಳು. ಸಖೂಬಾಯಿ ಮಗಳ ಅರ್ಜಿಯ ಸುದ್ದಿ ಹೇಳುತ್ತಿದ್ದಳು, ಅಮೋಘಿಗೆ ಕೇಳಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು. ಅವಳ ಗಂಡ ಮತ್ತು ಅಮೋಘಿ ಒಂದೇ ಕಟ್ಟೆಯ ಮೇಲೆ ಕೂಡುವವರು. ಯಶೋಧರಾ ಯಾರ ಮುಖವನ್ನೂ ನೋಡಲಾರದೆ ಮಡಿಲಲ್ಲಿನ ಬುತ್ತಿಯನ್ನು ಹಿಡಿದು ಕುಂತಿದ್ದಳು. ಈಗಲೂ ಸುಮ್ಮನಿರಬಹುದಿತ್ತು. ಹೇಳಿದರೆ ಇದೇ ಹುಸೇನಬಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ, ನಾಳೆ ಈ ಟೆಂಪೊದಲ್ಲಿ ತನಗೆ ಜಾಗವಿರುವುದಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು.

ಶೆಡ್ಡಿನ ಮುಂದೆ ಎಲ್ಲರೂ ಇಳಿದರು. ಅಮೋಘಿ ಇನ್ನೊಂದು ಬಾಡಿಗೆಗೆಂದು ಟೆಂಪೊ ತಿರುಗಿಸಿಕೊಂಡು ಹೋದ. ಮಾಲಕ ಬರಲು ಇನ್ನೂ ಹೊತ್ತಿತ್ತು. ಹೆಂಗಸರು ಬುತ್ತಿಗಳನ್ನು ಕಂಬಕ್ಕೆ ತೂಗುಹಾಕಿ, ತಲೆಗೆ ಅರಿವೆ ಕಟ್ಟಿಕೊಂಡು, ಒಣದ್ರಾಕ್ಷಿಯ ರಾಶಿಯ ಸುತ್ತ ಕೂಡಲು ಹೊರಟರು. ಸಂಜೆಯವರೆಗೆ ಅವರು ಇಲ್ಲೇ ಇದ್ದಾರೆ ಎಂದು ಊರಿನಲ್ಲಿ ಎಲ್ಲ ಗಂಡಂದಿರು ತಿಳಿದಿರುತ್ತಾರೆ. ತಿಕೋಟಾದ ಬ್ಯಾಂಕಿಗೆ ಹೋಗಿ ಬರಲು ಇದೊಂದೇ ಹೊತ್ತು. ಕೆಲಸ ಬಿಟ್ಟು ಎಲ್ಲರನ್ನೂ ಎಬ್ಬಿಸಿಕೊಂಡು ಹೋದಳೆಂದು ಮಾಲಕ ಹಂಗಾಮು ಮುಗಿಯುವತನಕ ತನ್ನನ್ನು ಕರೆಯಲಿಕ್ಕಿಲ್ಲ. ಅದೂ ಅವಳಿಗೆ ಗೊತ್ತಿತ್ತು.

“ಕುಂದ್ರಬ್ಯಾಡ್ರಿ,” ಎಂದಳು ಯಶೋಧರಾ.

ಅವರು ತಿರುಗಿ ನೋಡಿದರು. ಅವಳ ದನಿ ಅವಳಿಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಹುಸೇನಬಿಯ ಮುಖವನ್ನು, ಆಮೇಲೆ ಸಖೂಬಾಯಿಯ ಮುಖವನ್ನು ನೋಡಿದಳು.

“ನಿನ್ನಿ ಮುಂಜಾನೆ ಗ್ರೂಪಿನ್ಯಾಗ ನಿಮ್ಮ ಕಾರ್ಡ್ ಕೇಳಿದಾಕಿ ನಾ ಅಲ್ಲ, ಒಬ್ಬ ಕಳ್ಳ. ಅಂವಗ ಬಾಗಲಾ ತಗದಾಕಿ ಮಾತ್ರ ನಾನ. ನಿಮ್ಮೆಲ್ಲಾರ ಕಾರ್ಡು, ಪಾಸ್‌ಬುಕ್ಕು ಅವನ ಕೈಯಾಗ ಅದಾವು. ಹುಸೇನಬಿಗೆ ನಿನ್ನೀನ ಹೇಳಬೇಕಾಗಿತ್ತು, ಅಂಜಿ ಹೇಳಲಿಲ್ಲ. ಈಗ ಬುತ್ತಿ ತಗೋರಿ, ಬ್ಯಾಂಕಿಗೆ ಹೋಗಬೇಕು. ದಾರ್‍ಯಾಗ ನನ್ನ ಎಷ್ಟ ಬೇಕಾದ್ರೂ ಬೈರಿ.”